ಗುಹೆಯ ಗೋಡೆಯ ಮುತ್ತಜ್ಜ

ಮೂವತ್ತು ಸಾವಿರ ವರ್ಷಗಳಿಂದ, ಒಂದು ದಿನವೂ ರಜೆ ಹಾಕದೆ, ಒಂದೇ ಗುಹೆಯನ್ನು ಕಾಯ್ದುಕೊಂಡು ಬಂದ ಮನೆತನ ಈ ಭೂಮಿಯ ಮೇಲೆ ಒಂದೇ ಒಂದು. ಸೂರ್ಯನಾದರೂ ಗ್ರಹಣದ ನೆಪ ಹೇಳಿ ಆಗಾಗ ಕೆಲಸ ತಪ್ಪಿಸಿದ್ದಾನೆ. ಈ ಮನೆತನದವರು ತಪ್ಪಿಸಿದವರಲ್ಲ. ಆನೆಗಳಿಗೆ ಮೈತುಂಬ ಕಂಬಳಿಯಂಥ ಕೂದಲಿದ್ದ ಕಾಲದಲ್ಲಿ ಗುಹೆಯ ಬಾಯಲ್ಲಿ ಕಲ್ಲುಕೊಡಲಿ ಹಿಡಿದು ನಿಂತಿದ್ದವನು ಇವರ ಮೂಲಪುರುಷ. ಈಗ ಅದೇ ಜಾಗದಲ್ಲಿ ಖಾಕಿ ಅಂಗಿ ತೊಟ್ಟು, ಕೊರಳಿಗೆ ಸೀಟಿ ನೇತುಹಾಕಿಕೊಂಡು ನಿಂತಿರುವವನು ಆ ವಂಶದ ಕುಡಿ. ಅವನನ್ನು ಎಲ್ಲರೂ ಕರೆಯುವುದು ಶಿಲಾಯುಗ ಎಂದು.

ಸಾಕ್ಷಿ ಏನು ಎಂದು ಯಾರಾದರೂ ಕೇಳಿದರೆ ಶಿಲಾಯುಗ ಟಾರ್ಚಿನ ಬೆಳಕನ್ನು ಎಡಗಡೆಯ ಗೋಡೆಗೆ ಬಿಡುತ್ತಿದ್ದ. ಅಲ್ಲಿ ಎದೆಯೆತ್ತರದಲ್ಲಿ ಒಂದು ಕೆಂಪು ಅಂಗೈ ಗುರುತು. ಮೊರದಗಲದ ಅಂಗೈ. ಅದರ ಕಿರುಬೆರಳು ಮಾತ್ರ ಮಿಕ್ಕ ಬೆರಳುಗಳ ಜೊತೆ ಮಾತು ಬಿಟ್ಟ ಹಾಗೆ ಸೊಟ್ಟಗೆ ಆಚೆ ತಿರುಗಿತ್ತು.

"ನಮ್ಮ ಮುತ್ತಜ್ಜ," ಎಂದು ಅವನು ಗಂಟಲು ತಗ್ಗಿಸಿ ಹೇಳುತ್ತಿದ್ದ. "ಬರೀ ಮುತ್ತಜ್ಜ ಅಲ್ಲ. ಮುತ್ತಜ್ಜನ ಮುತ್ತಜ್ಜನ ಮುತ್ತಜ್ಜ. ಸಾಯಂಕಾಲದ ತನಕ ಹೇಳ್ತಾ ಹೋದ್ರೂ ಮುಗಿಯಲ್ಲ."

ಆಮೇಲೆ 'ಕಂಬಿ ದಾಟಬಾರದು' ಎಂದು ತಾನೇ ತೂಗುಹಾಕಿದ್ದ ಫಲಕದ ಪಕ್ಕದಲ್ಲೇ ಕಂಬಿ ದಾಟಿ ಹೋಗಿ, ತನ್ನ ಅಂಗೈಯನ್ನು ಗುರುತಿನ ಪಕ್ಕಕ್ಕೆ, ಗೋಡೆಗೆ ಕೂದಲೆಳೆಯಷ್ಟು ದೂರದಲ್ಲಿ ಹಿಡಿಯುತ್ತಿದ್ದ. ನೋಡಿದರೆ ಅವನ ಕಿರುಬೆರಳೂ ಹಾಗೆಯೇ ಸೊಟ್ಟ! ಜನ ಉಸಿರು ಬಿಗಿಹಿಡಿಯುತ್ತಿದ್ದರು. ಕೈ ಕೆಳಗಿಳಿದ ಕೂಡಲೇ ಆ ಬೆರಳು ನೆಟ್ಟಗಾಗುತ್ತಿದ್ದುದು ಕತ್ತಲೆಯಲ್ಲಿ ಯಾರಿಗೂ ಕಾಣುತ್ತಿರಲಿಲ್ಲ.

ಆದರೆ ಒಂದು ಮಾತು ಒಪ್ಪಬೇಕು. ಹೇಳಿ ಹೇಳಿ ಅವನಿಗೇ ಅದು ನಿಜವಾಗಿಬಿಟ್ಟಿತ್ತು. ಬೆಳಗ್ಗೆ ಗೇಟು ತೆಗೆದೊಡನೆ ಅವನು ಮೊದಲು ಮಾಡುತ್ತಿದ್ದ ಕೆಲಸ ಆ ಕೈಯ ಮುಂದೆ ನಿಂತು, ಸೊಂಟ ಬಗ್ಗಿಸಿ ಸಲಾಮು ಹೊಡೆಯುವುದು. ಆ ಗುಹೆಯೊಳಗೆ ಅವನು ಬಾಯಿಬಿಟ್ಟರೆ ಬಾವಲಿಗಳೂ ರೆಕ್ಕೆ ಮಡಚಿ ಕೇಳುತ್ತಿದ್ದವು. ಮನೆಯಲ್ಲಿ ಬಾಯಿಬಿಟ್ಟರೆ ಹೆಂಡತಿ ಮಿಕ್ಸಿ ಹಾಕುತ್ತಿದ್ದಳು.

ಮನೆ ಎಂದರೆ ಗುಡ್ಡದ ಬುಡದಲ್ಲಿ ಇಲಾಖೆ ಕೊಟ್ಟಿದ್ದ ಎರಡು ಕೋಣೆ. ಅದರ ಜಗಲಿಯಲ್ಲಿ ಅವನ ಮಾವ ಕೂತಿರುತ್ತಿದ್ದರು. ಮಗಳ ಮನೆಗೆ ಮೊಣಕಾಲು ರಿಪೇರಿಗೆಂದು ಹೋದ ವರ್ಷ ಬಂದು ಅಲ್ಲೇ ಉಳಿದುಕೊಂಡವರು. ಪ್ರಾಯದಲ್ಲಿ ಊರೂರು ತಿರುಗಿದ ಗಾರೆ ಮೇಸ್ತ್ರಿ. ಎಡವಿದರೆ ಎಡವಿದ ವಸ್ತುವನ್ನೇ ಬೈಯುವ ಜಾತಿ. ಹೊಸ್ತಿಲು ತಾಗಿದರೆ "ಹೊಸ್ತಿಲಿಗೆ ಮರ್ಯಾದೆ ಬೇಡ್ವಾ?", ತಲೆ ತಾಗಿದರೆ "ಬಾಗಿಲಿಗೆ ಮರ್ಯಾದೆ ಬೇಡ್ವಾ?" ಅಳಿಯನ ಬಗ್ಗೆ ಅವರ ಅಭಿಪ್ರಾಯ ಇನ್ನೂ ಕೆಳಗಿನದು.

ಆ ದಿನ ಬೆಳಗ್ಗೆ ಮುಖ್ಯ ಕಚೇರಿಯಿಂದ ಫೋನು ಬಂತು. ಮಧ್ಯಾಹ್ನ ತಪಾಸಣೆಗೆ ಹೊಸ ಮೇಡಂ ಬರುತ್ತಾರೆ, ಗುಹೆಯೊಳಗಿನ ಕಂಬಿ ತುಕ್ಕು ಹಿಡಿದಿದೆಯಂತೆ, ಬೇಗ ಬಣ್ಣ ಬಳಿ. ಶಿಲಾಯುಗ ಕೆಂಪು ಬಣ್ಣದ ಡಬ್ಬಿ ಹಿಡಿದು ಹೊರಟ.

"ಏನಪ್ಪಾ ಅಳಿಯ, ಬ್ರಷ್ ಎಲ್ಲಿ?" ಎಂದರು ಮಾವ.

"ಬ್ರಷ್ಷಿನ ಕೂದಲೆಲ್ಲ ಉದುರಿದೆ ಮಾವ. ಬಟ್ಟೆ ಅದ್ದಿ ಒರೆಸಿಬಿಡ್ತೀನಿ."

"ಕೈಗೆ ಬಣ್ಣ ಆಗುತ್ತೆ. ಆದ ಕೈಯಲ್ಲಿ ಗೋಡೆ ಹತ್ರ ಹೋಗ್ಬೇಡ." ಮಾವ ತೋರುಬೆರಳೆತ್ತಿ ಆಡಿಸಿದರು. "ನಾನೊಂದು ಸಲ ನಿನ್ನ ಆ ಗುಹೇಲೇ—"

"ಗುಹೆ ವಿಷಯ ನನಗೆ ಬಿಡಿ ಮಾವ. ಮೂವತ್ತು ಸಾವಿರ ವರ್ಷದಿಂದ ನೋಡ್ಕೊಳ್ತಿದೀವಿ."

ಮಾವ ಈ ಮಾತನ್ನು ಬಂದ ದಿನದಿಂದ ಶುರು ಮಾಡುತ್ತಲೇ ಇದ್ದರು. ಅಳಿಯ ಒಂದು ದಿನವೂ ಮುಗಿಸಲು ಬಿಟ್ಟಿರಲಿಲ್ಲ.

ಕಂಬಿ ಅರ್ಧ ಮುಗಿಯುವಷ್ಟರಲ್ಲಿ ಶಿಲಾಯುಗನ ಬಲಗೈ ಮೊಣಕೈವರೆಗೆ ಕೆಂಪಾಗಿತ್ತು. ಅಷ್ಟರಲ್ಲೇ ಒಂದು ವ್ಯಾನಿನ ತುಂಬ ಪ್ರವಾಸಿಗರು ಬಂದಿಳಿದರು. ಕೈ ತೊಳೆದು ಬರುತ್ತೇನೆ ಎನ್ನಬಹುದಿತ್ತು. ಆದರೆ ಕೇಳುವ ಕಿವಿಗಳು ಎದುರಿಗೆ ನಿಂತಿರುವಾಗ ನೀರು ಹುಡುಕಿಕೊಂಡು ಹೋಗುವ ಗಂಡು ಆ ವಂಶದಲ್ಲಿ ಹುಟ್ಟಿರಲಿಲ್ಲ.

ಗುಂಪಿನ ಮುಂದೆ ಒಬ್ಬ ಅಜ್ಜಿ. ಕೈಯಲ್ಲಿ ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುವ ಛತ್ರಿ. ಮುತ್ತಜ್ಜನ ಕತೆ ಕೇಳಿ ಎಲ್ಲರೂ ಬೆರಗಾದರೂ ಅಜ್ಜಿ ಮಾತ್ರ ಜಗ್ಗಲಿಲ್ಲ.

"ಇಲ್ಲಿಂದ ನನಗೆ ಕಾಣ್ಸಲ್ಲಪ್ಪ. ಕೈ ಇನ್ನೂ ಹತ್ತಿರ ಹಿಡಿ."

"ಹಿಡಿದಿದೀನಿ ಅಜ್ಜಿ."

"ಇನ್ನೂ ಹತ್ತಿರ. ಹೆದರ್ಕೋಬೇಡ, ಮುತ್ತಜ್ಜ ಕಚ್ಚಲ್ಲ."

ಶಿಲಾಯುಗ ಕಿರುಬೆರಳು ಸೊಟ್ಟ ಮಾಡಿ, ಉಸಿರು ಕಟ್ಟಿ, ಅಂಗೈಯನ್ನು ಇನ್ನಷ್ಟು ಮುಂದೆ ಒಯ್ದ. ಅದೇ ಕ್ಷಣಕ್ಕೆ ಗುಹೆಯ ಮಾಡಿನಿಂದ ಒಂದು ಹನಿ ಅಜ್ಜಿಯ ನೆತ್ತಿಗೆ ಬಿತ್ತು. ಅಜ್ಜಿ ಛತ್ರಿಯ ಗುಂಡಿ ಒತ್ತಿದರು. ಫಟ್! ಆ ಸದ್ದಿಗೆ ಗುಡ್ಡವೇ ಒಂದು ಮೊಳ ಪಕ್ಕಕ್ಕೆ ಸರಿಯಿತು. ಬಾವಲಿಗಳು ಒಂದರ ಕಾಲನ್ನು ಇನ್ನೊಂದು ಹಿಡಿದುಕೊಂಡವು. ಶಿಲಾಯುಗ ಮುಗ್ಗರಿಸಿದ, ಗೋಡೆಗೆ ಕೈ ಕೊಟ್ಟ.

ಕೈ ತೆಗೆದಾಗ ಗೋಡೆಯ ಮೇಲೆ ಎರಡು ಕೆಂಪು ಅಂಗೈಗಳಿದ್ದವು.

"ಆಗ ಒಂದೇ ಇತ್ತಲ್ವಾ?" ಎಂದರು ಅಜ್ಜಿ.

"ಎರಡು! ಮೊದಲಿಂದ್ಲೂ ಎರಡೇ!" ಶಿಲಾಯುಗನ ಗಂಟಲು ಕೀರಲಾಯಿತು. "ಇದು... ಇದು ಮುತ್ತಜ್ಜಿ."

"ಮುತ್ತಜ್ಜಿ ಒದ್ದೆ ಇದಾಳಲ್ಲೋ?"

"ಗುಹೆ ಅಜ್ಜಿ. ಒಸರುತ್ತೆ. ನಡೀರಿ, ನಡೀರಿ, ಹೊರಗೆ ಗಾಳಿ ಚೆನ್ನಾಗಿದೆ!"

ಗುಂಪನ್ನು ಹೊರಗಟ್ಟಿ ಬಂದು ನೋಡಿದರೆ ಮುತ್ತಜ್ಜಿ ನಿಧಾನವಾಗಿ ಒಂದು ಹನಿ ಕೆಳಗೆ ಇಳಿಸುತ್ತಿದ್ದಳು. ರಕ್ಷಿತ ಗುಹೆಯ ಗೋಡೆಯನ್ನು ಬೆರಳಲ್ಲಿ ಮುಟ್ಟಿದವರನ್ನೇ ಅವನು ಸೀಟಿ ಊದಿ ಗೇಟಿನಾಚೆ ಕಳಿಸಿದ್ದುಂಟು. ಈಗ ಕಾವಲುಗಾರನೇ ಅಂಗೈ ತುಂಬ ಬಣ್ಣ ಒತ್ತಿದ್ದಾನೆ. ಮಧ್ಯಾಹ್ನ ಮೇಡಂ ಬರುತ್ತಾರೆ. ಕೆಲಸ ಹೋಗುತ್ತದೆ, ಕೆಲಸದ ಜೊತೆ ಎರಡು ಕೋಣೆಯೂ ಹೋಗುತ್ತದೆ. ಅದಕ್ಕಿಂತ ದೊಡ್ಡದು, ಇನ್ನು ಅವನು ಬಾಯಿಬಿಡಬಹುದಾದದ್ದು ಮಿಕ್ಸಿಯ ಮುಂದೆ ಮಾತ್ರ.

ಟಿಕೆಟ್ ಕೌಂಟರಿನ ಅಕ್ಕ ಗುಹೆಗೆ ಬಂದವಳು ಕೆನ್ನೆಗೆ ಕೈ ಹಚ್ಚಿಕೊಂಡಳು. "ಅಯ್ಯೋ! ಏನಪ್ಪಾ ಮಾಡ್ಕೊಂಡೆ?"

"ಮೆತ್ತಗೆ ಅಕ್ಕ, ಮೆತ್ತಗೆ! ಯಾರಿಗೂ ಹೇಳ್ಬೇಡ."

"ನಾನ್ಯಾಕೆ ಹೇಳ್ಲಿ? ಆ ಛತ್ರಿ ಅಜ್ಜಿ ಕ್ಯಾಂಟೀನ್‌ನಲ್ಲಿ ಕೂತು ಎಲ್ರಿಗೂ ಹೇಳ್ತಿದಾರೆ. ಒದ್ದೆ ಮುತ್ತಜ್ಜೀನ ನೋಡಿದ್ವಿ ಅಂತ."

ಆ ಮಾತು ಮುಗಿಯುವ ಮೊದಲೇ ಕ್ಯಾಂಟೀನಿನವನು ಓಡಿಬಂದ. ಜಗತ್ತಿನ ಯಾವ ತೊಂದರೆಯನ್ನೂ ಒರೆಸುವ ಬಟ್ಟೆಯಿಂದ ಸರಿಮಾಡಬಹುದು ಎಂದು ನಂಬಿದವನು. ಒಂದು ಕೈಯಲ್ಲಿ ಬಟ್ಟೆ, ಇನ್ನೊಂದರಲ್ಲಿ ಸೀಮೆಎಣ್ಣೆ ಬಾಟಲಿ.

"ಪಕ್ಕಕ್ಕೆ ಸರಿ ನೀನು. ಒಂದೇ ಉಜ್ಜು. ಹುಟ್ಟಿದ ಗುರುತೇ ಇರಲ್ಲ."

"ಉಜ್ಜಿದ್ರೆ ಪಕ್ಕದಲ್ಲಿರೋ ಮುತ್ತಜ್ಜನೂ ಹೋಗ್ತಾನೆ ಕಣೋ!"

"ಹೋದ್ರೆ ಹೋಗ್ಲಿ. ನಿನ್ನ ಕೆಲಸ ಮುಖ್ಯನೋ ಮುತ್ತಜ್ಜ ಮುಖ್ಯನೋ?"

ಯಾರೂ ಎಣಿಸಿರಲಿಲ್ಲ, ಶಿಲಾಯುಗ ಗೋಡೆಗೆ ಬೆನ್ನು ಕೊಟ್ಟು ಎರಡೂ ಕೈ ಅಗಲಿಸಿ ನಿಂತುಬಿಟ್ಟ. ಬೆನ್ನು ಗೋಡೆಗೆ ತಾಗದಂತೆ ನಿಂತ, ಅದು ಅಭ್ಯಾಸ. "ನನ್ನ ಮೇಲೆ ಹಾಯ್ದು ಹೋಗು. ಈ ಕೈ ಎಷ್ಟು ಸಾವಿರ ಮಳೆಗಾಲ ನೋಡಿದೆ ಗೊತ್ತಾ? ನನ್ನ ಒಂದು ಸಂಬಳಕ್ಕೋಸ್ಕರ ಅದನ್ನ ಪಾತ್ರೆ ತೊಳೆದ ಹಾಗೆ ತೊಳೀತೀಯಾ?"

ಕ್ಯಾಂಟೀನಿನವನು ಎಡಕ್ಕೆ ನುಗ್ಗಿದ. ಶಿಲಾಯುಗ ಎಡಕ್ಕೆ ಹಾರಿದ. ಬಿಡಿಸಲು ಹೋದ ಅಕ್ಕ ಜಾರಿ ಕಂಬಿ ಹಿಡಿದಳು. ಹಸಿ ಬಣ್ಣ, ಎರಡೂ ಅಂಗೈ ಕೆಂಪು. ಅವಳನ್ನು ಹಿಡಿಯಲು ಹೋದ ಕ್ಯಾಂಟೀನಿನವನೂ ಅದೇ ಕಂಬಿಗೆ ಕೈ ಕೊಟ್ಟ. ಗುಹೆಯ ತುಂಬ ಕೆಂಪು ಕೈಗಳು ಹಾರಾಡತೊಡಗಿದವು. ಒಬ್ಬೊಬ್ಬರೂ ತೂಕ ತಪ್ಪಿ ಯಾವುದಾದರೂ ಗೋಡೆಯ ಕಡೆಗೇ ವಾಲುತ್ತಿದ್ದರು.

"ಕೈ ಮೇಲೆ!" ಶಿಲಾಯುಗ ಸೀಟಿ ಊದಿದ. "ಎಲ್ಲರೂ ಕೈ ಮೇಲೆತ್ತಿ! ಯಾರೂ ಏನೂ ಮುಟ್ಟಬಾರದು!"

ಮೂವರೂ ಕೆಂಪು ಅಂಗೈಗಳನ್ನು ಆಕಾಶಕ್ಕೆತ್ತಿ, ಗುಹೆಯ ನಡುವೆ ಸಾಲಾಗಿ, ಏದುಸಿರು ಬಿಡುತ್ತ ನಿಂತರು. ಬಾಗಿಲಲ್ಲಿ ಯಾರೋ ಕೆಮ್ಮಿದ ಸದ್ದು.

ಮೇಡಂ ಹೇಳಿದ್ದಕ್ಕಿಂತ ಮೊದಲೇ ಬಂದಿದ್ದರು. ಗಿಡ್ಡಗಿನ ಹೆಂಗಸು, ಬೆಳ್ಳಿ ಕೂದಲು, ಕೆಸರು ಮೆತ್ತಿದ ಬೂಟು, ಕೊರಳಲ್ಲಿ ದಾರ ಕಟ್ಟಿದ ಭೂತಗನ್ನಡಿ. ಎತ್ತಿದ ಆರು ಕೈಗಳನ್ನೂ ಒಂದೊಂದಾಗಿ ನೋಡಿದರು.

"ಇದೇನು, ನನ್ನ ಸ್ವಾಗತಕ್ಕೆ ಕವಾಯತು ಇಟ್ಕೊಂಡಿದೀರಾ?"

"ಹೌದು ಮೇಡಂ," ಎಂದಳು ಅಕ್ಕ. ಹೇಳಿದ ಮೇಲೆ ನಂಬಿಸಲೇಬೇಕಲ್ಲ. ಮೆಲ್ಲನೆ ಎಡಕ್ಕೂ ಬಲಕ್ಕೂ ತೂಗಾಡಿದಳು. ಪಕ್ಕದಲ್ಲಿ ಕ್ಯಾಂಟೀನಿನವನೂ ತೂಗಾಡಿದ.

ಮೇಡಂ ಒಳಗೆ ನಡೆದರು. ಮೊದಲು ಹಿಂದಿನ ಗೋಡೆಯ ಬುಡಕ್ಕೆ ಹೋಗಿ, ಮಂಡಿಯೂರಿ, ಅಲ್ಲಿ ಬಹಳ ಹೊತ್ತು ಕೂತರು. ಎದ್ದಾಗ ಮುಖ ಅರಳಿತ್ತು. ಆಮೇಲೆ ಎಡಗೋಡೆಗೆ ಬಂದರು. ಭೂತಗನ್ನಡಿ ಹಿಡಿದರು. ಮೂಗನ್ನು ಗೋಡೆಯ ಹತ್ತಿರ ಒಯ್ದು ಮೂಸಿದರು.

"ಇಲ್ಲಿ ಒಂದು ಕೈ ಇತ್ತು."

ತಡೆಯಲಾರದೆ ಕ್ಯಾಂಟೀನಿನವನು ಬಾಯಿಬಿಟ್ಟ. "ಇನ್ನೊಂದು ಮುತ್ತಜ್ಜಿ, ಮೇಡಂ."

"ಯಾರ ಮುತ್ತಜ್ಜಿ?"

ಅಕ್ಕ ಮತ್ತು ಕ್ಯಾಂಟೀನಿನವನು, ಇಬ್ಬರೂ ತಮ್ಮ ಕೆಂಪು ಬೆರಳುಗಳನ್ನು ಒಟ್ಟಿಗೆ ಶಿಲಾಯುಗನ ಕಡೆ ತೋರಿಸಿದರು.

ಶಿಲಾಯುಗ ಎತ್ತಿದ ಕೈ ಇಳಿಸಲೂ ಮರೆತು ಹೇಳಿಬಿಟ್ಟ. "ನಾನೇ ಮೇಡಂ. ಇವತ್ತು ಬೆಳಗ್ಗೆ. ಕಂಬಿ ದಾಟಿ ಬಂದೆ, ಜಂಬ ಕೊಚ್ಚೋಕ್ಕೆ. ಕೆಲಸದಿಂದ ತೆಗೀರಿ, ಮನೆ ಖಾಲಿ ಮಾಡ್ತೀನಿ. ಆದ್ರೆ ಒಂದು ಬೇಡ್ಕೋತೀನಿ. ಅದನ್ನ ಅಳಿಸೋಕ್ಕೆ ತಿಳಿದವರನ್ನೇ ಕರೆಸಿ. ಇವನಂಥೋರ ಕೈಗೆ ಬಟ್ಟೆ ಕೊಟ್ರೆ ಮುತ್ತಜ್ಜ ಉಳಿಯಲ್ಲ."

ಮೇಡಂ ಅವನನ್ನೇ ನೋಡಿದರು. ಆಮೇಲೆ ಬೆರಳು ಮಡಚಿ, ಮುತ್ತಜ್ಜನ ಅಂಗೈಯ ನಟ್ಟನಡುವೆ, ಬಾಗಿಲು ಬಡಿದ ಹಾಗೆ ಬಡಿದರು. ಟಕ್ ಟಕ್.

ಶಿಲಾಯುಗ ಕಣ್ಣು ಮುಚ್ಚಿಕೊಂಡ. "ಮೇಡಂ! ಮುತ್ತಜ್ಜ!"

"ಎಂಥ ಮುತ್ತಜ್ಜ? ಇದು ಗುಹೆ ಗೋಡೆ ಅಲ್ಲಯ್ಯ, ಗಾರೆ." ಮೇಡಂ ನಕ್ಕುಬಿಟ್ಟರು. "ಈ ಮೂಲೇಲಿ ನೀರು ಒಸರಿ ಬಂಡೆ ಸೀಳ್ತಿತ್ತು. ತೇಪೆ ಹಾಕಿಸಿದ್ವಿ. ನಾನಾಗ ಹೊಸದಾಗಿ ಕೆಲಸ ಕಲಿಯೋಕ್ಕೆ ಬಂದವಳು. ಬಂಡೆ ಬಣ್ಣಕ್ಕೆ ಹೊಂದಲಿ ಅಂತ ಮೇಸ್ತ್ರಿ ಕೆಂಪುಮಣ್ಣು ಕಲಸ್ತಿದ್ದ. ಜಾರಿ, ಹಸಿ ಗಾರೆಗೆ ಕೈ ಕೊಟ್ಟ. ನಮ್ಮ ದೊಡ್ಡವರು 'ಹಾಗೇ ಇರಲಿ ಬಿಡಿ' ಅಂದ್ರು. ನಮ್ಮ ಕೆಲಸದಲ್ಲಿ ಅದೊಂದು ಕಟ್ಟಳೆ. ಹೊಸದಾಗಿ ತೇಪೆ ಹಾಕಿದ್ದು ಹೊಸದು ಅಂತ ನೋಡಿದವರಿಗೆ ತಿಳೀಬೇಕು, ಹಳೇದು ಅಂತ ಯಾರೂ ಮೋಸಹೋಗಬಾರದು. ಅದಕ್ಕೇ ಆ ಕೈ ಬಿಟ್ಟಿದ್ದು."

"ಯಾರೂ ಮೋಸಹೋಗಬಾರದು ಅಂತ," ಎಂದಳು ಅಕ್ಕ, ಶಿಲಾಯುಗನ ಮುಖ ನೋಡುತ್ತ.

ಶಿಲಾಯುಗನಿಗೆ ಮೊದಲು ಅರ್ಥವಾದದ್ದು ಒಂದೇ. ಗುಹೆಗೆ ಏನೂ ಆಗಿಲ್ಲ. ಗಾರೆಯ ಮೇಲೆ ಬಣ್ಣ, ಅಷ್ಟೇ. ಎದೆಯ ಮೇಲೆ ಕೂತಿದ್ದ ಆ ಕೂದಲಿನ ಆನೆ ಎದ್ದು ಮೆಲ್ಲನೆ ಹೊರಗೆ ನಡೆದುಹೋಯಿತು. ಅವನು ಅಲ್ಲೇ ನೆಲದ ಮೇಲೆ ಕುಕ್ಕರಿಸಿ, ಹುಟ್ಟಿದಾರಭ್ಯ ಬಿಟ್ಟಿರದಷ್ಟು ಉದ್ದನೆಯ ಉಸಿರು ಬಿಟ್ಟ. ಗುಹೆಯ ಬಾಯಲ್ಲಿದ್ದ ಒಣ ಎಲೆಗಳು ಹಾರಿಹೋದವು.

"ಆ ಮೇಸ್ತ್ರಿಯೂ ನಿನ್ನ ಹಾಗೇ," ಎಂದು ಮೇಡಂ ನೆನಪಿಸಿಕೊಂಡು ಮತ್ತೆ ನಕ್ಕರು. "ತಾನು ಜಾರಿದ್ದಕ್ಕೆ ಗೋಡೇನೇ ಬೈದ. ಸೊಂಟದ ಮೇಲೆ ಕೈ ಇಟ್ಕೊಂಡು, 'ಗೋಡೆಗೆ ಮರ್ಯಾದೆ ಬೇಡ್ವಾ?' ಅಂತ."

ಶಿಲಾಯುಗನ ಉಸಿರು ಅರ್ಧಕ್ಕೇ ನಿಂತಿತು.

"ಏನಂತ ಬೈದ್ರು ಮೇಡಂ?"

"ಗೋಡೆಗೆ ಮರ್ಯಾದೆ ಬೇಡ್ವಾ."

ಜಗಲಿಯಲ್ಲಿ ಮಾವ ಚಹಾ ಕುಡಿಯುತ್ತಿದ್ದರು. ಗುಡ್ಡ ಇಳಿದು ಬರುತ್ತಿದ್ದ ಮೆರವಣಿಗೆಯನ್ನು ನೋಡಿ, ಕಣ್ಣು ಕಿರಿದು ಮಾಡಿ, ಲೋಟ ಕೆಳಗಿಟ್ಟರು.

"ಯಾರಿದು? ಆ ಎರಡು ಜಡೆ ಹುಡುಗಿ ಅಲ್ವಾ? ನನ್ನ ಗಾರೆ ಬಕೆಟ್ಟಿಗೆ ಬೂಟು ಹಾಕಿದ್ದವಳು!"

"ಅಯ್ಯೋ ಮೇಸ್ತ್ರಿ! ನೀವಿನ್ನೂ ಇದೀರಾ!" ಮೇಡಂ ಓಡಿಹೋಗಿ ಅವರ ಕೈ ಹಿಡಿದರು. ಮೊರದಗಲದ ಕೈ. ಕಿರುಬೆರಳು ಸೊಟ್ಟಗೆ ಆಚೆ ತಿರುಗಿದೆ.

ಮಾವ ಬಂದು ವರ್ಷವಾಗಿತ್ತು. ಆ ಕೈ ಅವನ ಮೂಗಿನ ಮುಂದೆ ದಿನಕ್ಕೆ ನೂರು ಸಲ ಆಡಿತ್ತು. ಆದರೆ ತೋರುಬೆರಳಿಗೆ ಹೆದರಿ ತಲೆ ತಗ್ಗಿಸಿದವನು ಕಿರುಬೆರಳನ್ನು ಎಲ್ಲಿ ನೋಡುತ್ತಾನೆ?

"ಇದನ್ನೇ ಹೇಳೋಕ್ಕೆ ಬಂದ ದಿನದಿಂದ ಒದ್ದಾಡ್ತಿದೀನಿ," ಎಂದರು ಮಾವ. "ಇವನು ಬಿಟ್ರೆ ತಾನೇ!"

ಹೆಂಡತಿ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಅಕ್ಕ ಎಲ್ಲವನ್ನೂ ಹೇಳಿದಳು. ಹೇಳಬಾರದ ಒಂದು ವಿಷಯವನ್ನೂ ಬಿಡದೆ ಹೇಳಿದಳು. "ದಿನಾ ಬೆಳಗ್ಗೆ ಆ ಕೈಗೆ ಸೊಂಟ ಬಗ್ಗಿಸಿ ಸಲಾಮು ಹೊಡೀತಾನೆ. ನಾನೇ ಎಷ್ಟೋ ಸಲ ನೋಡಿದೀನಿ."

ಮಾವ ನಗತೊಡಗಿದರು. ನಕ್ಕ ರಭಸಕ್ಕೆ ಹೆಂಚು ಅಲುಗಾಡಿತು, ಮೊಣಕಾಲಿನ ನೋವು ಊರು ಬಿಟ್ಟಿತು.

"ರೀ," ಎಂದಳು ಹೆಂಡತಿ, "ನಮ್ಮಪ್ಪ ಎದುರಿಗೇ ಕೂತಿದ್ರೆ ಏನು, ಎತ್ತ ಅಂತ ಕೇಳಲ್ಲ. ಅವರ ಕೈ ಗೋಡೆ ಮೇಲಿದ್ರೆ ಮಾತ್ರ ಬಗ್ತೀರಾ?"

"ಗೊತ್ತಿದ್ರೆ ಬಗ್ತಿರಲಿಲ್ಲ ಕಣೆ!"

"ಅಳಿಯ," ಎಂದರು ಮಾವ ಕಣ್ಣೊರೆಸಿಕೊಂಡು, "ನಾಳೆಯಿಂದ ಅಷ್ಟು ದೂರ ಗುಡ್ಡ ಹತ್ತಬೇಕಾಗಿಲ್ಲ. ಇಲ್ಲೇ ಜಗಲೀಲೇ ಆಗಬಹುದು."

ಮೇಡಂ ಕೆಲಸ ಕಿತ್ತುಕೊಳ್ಳಲಿಲ್ಲ, ಮನೆಯನ್ನೂ ಬಿಡಿಸಲಿಲ್ಲ. "ಗೋಡೆ ಕಾಯೋಕ್ಕೆ ಅಡ್ಡ ನಿಂತವನು ಇವನೊಬ್ಬನೇ ಅಂತೆ," ಎಂದು ಕ್ಯಾಂಟೀನಿನವನ ಬಟ್ಟೆಯ ಕಡೆ ಒಮ್ಮೆ ನೋಡಿದರು. ಶಿಲಾಯುಗ ಮತ್ತೊಮ್ಮೆ ನಿರಾಳನಾಗುವಷ್ಟರಲ್ಲಿ ಮುಂದಿನ ಮಾತು ಬಂತು. "ಆದ್ರೆ ಕಂಬಿ ದಾಟಿದ್ದಕ್ಕೆ ಶಿಕ್ಷೆ ಬೇಕಲ್ಲ. ಇವತ್ತಿಂದ ಪ್ರತಿ ಗುಂಪಿಗೂ ನಿಜ ಹೇಳಬೇಕು. ಬರೀ ನಿಜ."

ಇದಕ್ಕಿಂತ ಕೆಲಸದಿಂದ ತೆಗೆದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ.

ಸಂಜೆಯ ಗುಂಪು ಬಂತು. ಮುಂದೆ ನಿಂತಿದ್ದವರು ಅದೇ ಛತ್ರಿ ಅಜ್ಜಿ. ಒದ್ದೆ ಮುತ್ತಜ್ಜಿಯನ್ನು ತೋರಿಸಲು ಮಕ್ಕಳು, ಸೊಸೆಯಂದಿರು, ನೆಂಟರು ಎಲ್ಲರನ್ನೂ ಎಳೆದುಕೊಂಡು ಬಂದಿದ್ದರು. ಗುಹೆಯ ಬಾಯಲ್ಲಿ ಕ್ಯಾಂಟೀನಿನ ಪ್ಲಾಸ್ಟಿಕ್ ಕುರ್ಚಿ ಹಾಕಿ ಮಾವನನ್ನು ಕೂರಿಸಲಾಗಿತ್ತು. ಅವರ ಹಿಂದೆ ಮೇಡಂ ಕೈಕಟ್ಟಿ ನಿಂತಿದ್ದರು.

ಶಿಲಾಯುಗ ಟಾರ್ಚನ್ನು ಎಡಗೋಡೆಗೆ ಬಿಡಲಿಲ್ಲ. ಹಿಂದಿನ ಗೋಡೆಯ ಬುಡಕ್ಕೆ, ಮೇಡಂ ಮಂಡಿಯೂರಿದ್ದ ಜಾಗಕ್ಕೆ ಬಿಟ್ಟ. ಅಲ್ಲಿ ಬಂಡೆಯ ಮೇಲೆ ಕೆಂಪು ಮಂಜು ಹರಡಿದ ಹಾಗೆ ಒಂದು ಕಲೆ. ಅದರ ನಡುವೆ ಬಣ್ಣವೇ ಇಲ್ಲದ ಪುಟ್ಟ ಕೈಯ ಆಕಾರ. ಯಾರೋ ಅಲ್ಲಿ ಕೈಯಿಟ್ಟಿದ್ದರು, ಸುತ್ತ ಬಾಯಿಂದ ಬಣ್ಣ ಊದಿದ್ದರು, ಕೈ ತೆಗೆದುಕೊಂಡು ಹೊರಟುಹೋಗಿದ್ದರು.

"ಇದು ನಿಜವಾದದ್ದು," ಎಂದ ಶಿಲಾಯುಗ. "ಯಾರದ್ದು ಅಂತ ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ."

ಇದಕ್ಕೆ ಮೇಲೆ ಸೇರಿಸಲು ಅವನಿಗೆ ಏನೂ ಸಿಗಲಿಲ್ಲ. ಯಾರೂ ಏನೂ ಕೇಳಲೂ ಇಲ್ಲ. ಅಷ್ಟು ಮಂದಿ ಒಂದು ಪುಟ್ಟ ಕೈಯನ್ನು ಸುಮ್ಮನೆ ನೋಡುತ್ತ ನಿಂತರು. ಇಷ್ಟು ವರ್ಷ ಅವನು ಇದನ್ನು 'ಅಲ್ಲೊಂದು ಚಿಕ್ಕದಿದೆ' ಎಂದು ಹೇಳಿ ದಾಟಿಹೋಗುತ್ತಿದ್ದ.

ಕೊನೆಗೆ ಅಜ್ಜಿ ಕೇಳಿದರು. "ಅದಿರ್ಲಿ, ನಿನ್ನ ಮುತ್ತಜ್ಜ ಎಲ್ಲಪ್ಪ?"

ಶಿಲಾಯುಗ ಹಿಂತಿರುಗಿ ಮೇಡಂ ಮುಖ ನೋಡಿದ. ಕುರ್ಚಿಯ ಕಡೆ ಕೈ ತೋರಿಸಿದ.

"ಅಲ್ಲಿ ಕೂತಿದಾರೆ ಅಜ್ಜಿ. ನಮ್ಮ ಮಾವ."

ಮಾವ ಸೊಟ್ಟ ಕಿರುಬೆರಳಿನ ಕೈಯನ್ನು ಮೇಲೆತ್ತಿ ಗಂಭೀರವಾಗಿ ಆಡಿಸಿದರು.

"ಮತ್ತೆ ಮುತ್ತಜ್ಜಿ?"

"ಅದು ನಾನೇ."

"ನಿನ್ನ ಬೆರಳು ಸೊಟ್ಟ ಇತ್ತಲ್ಲ?"

"ನಾನೇ ಸೊಟ್ಟ ಮಾಡ್ಕೋತಿದ್ದೆ."

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಬೆಳಗ್ಗೆ ಚೆನ್ನಾಗಿ ಹೇಳಿದ್ದೆ. ಈಗೇನೋ ಸುಳ್ಳು ಹೇಳ್ತಿದೀಯ."

"ಇಲ್ಲ ಅಜ್ಜಿ, ಇದೇ ನಿಜ!"

"ಹಾಗಾದ್ರೆ ಮೂವತ್ತು ಸಾವಿರ ವರ್ಷದಿಂದ ನಿಮ್ಮ ಮನೆಯವರು ಒಂದು ದಿನ ರಜೆ ಹಾಕದೆ ಕಾಯ್ತಿರೋದು?"

ಮಾವ ತೋರುಬೆರಳು ಎತ್ತಿದರು. ಶಿಲಾಯುಗ ಈ ಸಲ ಬೆರಳುಗಳನ್ನೆಲ್ಲ ನೋಡಿದ.

"ನಮ್ಮಪ್ಪ ಬಸ್ ಕಂಡಕ್ಟರ್ ಅಜ್ಜಿ. ನಾನು ಇಲ್ಲಿಗೆ ಸೇರಿದ್ದು ಮದುವೆ ಆದ ಮೇಲೆ," ಎಂದ. "ಇನ್ನು ರಜೆ... ಬೇಕಾದಷ್ಟು ಹಾಕಿದೀನಿ. ನಾಳೆಗೂ ಒಂದು ಕೇಳೋಣ ಅಂತಿದೀನಿ."